ಮೆನುವಿನಲ್ಲಿ ಹೆಸರಿಲ್ಲದ ಟಿವಿ ಗೇಮ್

ತೊಂಬತ್ತರ ದಶಕದಲ್ಲಿ ಮಲೆನಾಡಿನ ಮನೆಗಳಿಗೆ ಬಂದ ವಿಡಿಯೋ ಗೇಮ್ ಡಬ್ಬಗಳಿಗೆ ಸರಿಯಾದ ಹೆಸರೇ ಇರಲಿಲ್ಲ. ಗೋಣಿಬೀಡಿನಲ್ಲಿ ನಾವು ಅದನ್ನು 'ಟಿವಿ ಗೇಮ್' ಅಂತಿದ್ವಿ. ಅದರೊಳಗೆ ತುರುಕೋ ಹಳದಿ ಡಬ್ಬಿಗೆ 'ಕ್ಯಾಸೆಟ್'. ಪೆಟ್ಟಿಗೆ ಮೇಲೆ ಒಂದು ಹೆಸರು, ಯಂತ್ರದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಕಾಂಟ್ರಾ, ಕರೆಂಟ್ ಹೋದರೆ ಮತ್ತೆ ಮೊದಲಿಂದ. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋ ಕಥೆ. ಆದರೆ ಆ ಡಬ್ಬದ ಚರಿತ್ರೆ ಯಾವ ಪುಸ್ತಕದಲ್ಲಿದೆ ಅಂತ ಕೇಳಿದರೆ, ನನ್ನ ಉತ್ತರ: ಪುಸ್ತಕದಲ್ಲಿಲ್ಲ, ಸೋರ್ಸ್ ಕೋಡ್‌ನಲ್ಲಿದೆ.

ಮೂಲ ಯಂತ್ರ ಜಪಾನಿನದು. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಲಿ ಕಂಪ್ಯೂಟರ್' ಅನ್ನೋ ಕನ್ಸೋಲ್ ಮಾರುಕಟ್ಟೆಗೆ ಬಿಟ್ಟಿತು. ಅದರ ಪ್ರೊಸೆಸರ್ ರಿಕೋ ಕಂಪನಿಯದು. 1975ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ 25 ಡಾಲರಿಗೆ ಮಾರಿದ 6502 ಚಿಪ್ಪಿನ ತಮ್ಮ ಅದು. ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋಗೂ ಸಾಲದಷ್ಟು ಜಾಗ. ಅದರಲ್ಲೇ ಮಾರಿಯೋ ಓಡಿದ.

ತೈವಾನಿನ ಯುಎಂಸಿಯಂಥ ಕಂಪನಿಗಳು ಈ ಚಿಪ್ಪುಗಳ ನಕಲು ಮಾಡಿದವು. ಆ ನಕಲಿನಿಂದ ನೂರಾರು ಡಬ್ಬಗಳು ಹುಟ್ಟಿ ಜಗತ್ತಿಗೆಲ್ಲ ಹಂಚಿಹೋದವು. ರಷ್ಯಾದಲ್ಲಿ 1992ರಲ್ಲಿ ಅದು 'ಡೆಂಡಿ' ಅನ್ನೋ ಹೆಸರಲ್ಲಿ ಬಂದು ಮನೆಮಾತಾಯಿತು. ನಮ್ಮ ಘಟ್ಟ ಹತ್ತಿ ಬಂದದ್ದೂ ಇದೇ ವಂಶದ ಕುಡಿ.

ಡಬ್ಬಗಳು ಕೆಟ್ಟವು, ಗುಜರಿಗೆ ಹೋದವು. ಆಟ ಉಳಿದದ್ದು ಎಮ್ಯುಲೇಟರ್‌ಗಳಿಂದ. ಹಳೆ ಚಿಪ್ ಪ್ರತಿ ಕ್ಷಣ ಏನು ಮಾಡುತ್ತಿತ್ತೋ ಅದನ್ನೇ ಇವತ್ತಿನ ಕಂಪ್ಯೂಟರಿನಲ್ಲಿ ಮಾಡಿ ತೋರಿಸೋ ಪ್ರೋಗ್ರಾಮ್ ಎಮ್ಯುಲೇಟರ್. 1997ರಲ್ಲಿ 'ನೆಸ್ಟಿಕಲ್' ಬಂದಾಗ ಎಲ್ಲರೂ ಬೆರಗಾದರು; ಆ ಕಾಲದ ಸಾಧಾರಣ ಪಿಸಿಯಲ್ಲೂ ಅದು ಸರಾಗವಾಗಿ ಓಡುತ್ತಿತ್ತು. ಆದರೆ ಅದರ ಸೋರ್ಸ್ ಕೋಡ್ ಮುಕ್ತವಾಗಿರಲಿಲ್ಲ. ಡಾಸ್ ಕಾಲ ಮುಗಿಯಿತು, ನೆಸ್ಟಿಕಲ್ ಕಾಲವೂ ಮುಗಿಯಿತು. ಈಗ ಅದರ ಡಾಸ್ ಆವೃತ್ತಿ ನೋಡಬೇಕಂದ್ರೆ ಡಾಸ್‌ಬಾಕ್ಸ್ ಅನ್ನೋ ಇನ್ನೊಂದು ಎಮ್ಯುಲೇಟರ್ ಬೇಕು. ಎಮ್ಯುಲೇಟರಿಗೇ ಎಮ್ಯುಲೇಟರ್!

ಅದೇ ಹೊತ್ತಿಗೆ ಜಪಾನಿನಲ್ಲಿ ಬೆರೋ ಅನ್ನೋ ಅಡ್ಡಹೆಸರಿನವರು 'ಎಫ್‌ಸಿಇ' ಬರೆದಿದ್ದರು. ಅದರ ಕೋಡ್ ಹಿಡಿದು ಇನ್ನೊಬ್ಬರು 'ಎಫ್‌ಸಿಇ ಅಲ್ಟ್ರಾ' ಮಾಡಿದರು. ಅವರು ಬಿಟ್ಟ ಮೇಲೆ ಬೇರೆ ಬೇರೆಯವರು ತಮ್ಮ ತಮ್ಮ ಕವಲು ಒಡೆದರು. 2008ರಲ್ಲಿ ಆ ಕವಲುಗಳು ಸೇರಿ 'ಎಫ್‌ಸಿಇಯುಎಕ್ಸ್' ಆಯಿತು. ಕೈ ಬದಲಾದರೂ ಕೆಲಸ ನಿಲ್ಲಲಿಲ್ಲ, ಯಾಕಂದ್ರೆ ಕೋಡ್ ಜಿಪಿಎಲ್ ಲೈಸೆನ್ಸಿನಲ್ಲಿತ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು.

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಇದನ್ನು ಸೋರ್ಸ್‌ನಿಂದಲೇ ಕಂಪೈಲ್ ಮಾಡಿದೆ. ರೆಡಿಮೇಡ್ ಸಿಗುತ್ತಲ್ಲ, ಯಾಕಪ್ಪಾ ಈ ಕಷ್ಟ ಅಂತೀರಾ? ಅಂಗಡಿಯಿಂದ ಕಾಫಿಪುಡಿ ತರೋದಕ್ಕೂ ಹಣ್ಣು ಕುಯ್ದು, ಒಣಗಿಸಿ, ಹುರಿದು, ಪುಡಿ ಮಾಡೋದಕ್ಕೂ ಇರೋ ವ್ಯತ್ಯಾಸವೇ ಇಲ್ಲೂ. ಕೆಲಸ ದೊಡ್ಡದೇನಲ್ಲ. ಗಿಟ್‌ನಿಂದ ಕೋಡ್ ಇಳಿಸಿಕೊಳ್ಳಿ. ಪರದೆ ಮೇಲಿನ ಕಿಟಕಿಗಳಿಗೆ ಕ್ಯೂಟಿ, ಧ್ವನಿ ಮತ್ತು ಜಾಯ್‌ಸ್ಟಿಕ್‌ಗೆ ಎಸ್‌ಡಿಎಲ್, ಜಿಪ್ ಫೈಲ್ ಬಿಚ್ಚೋಕೆ ಮಿನಿಜಿಪ್: ಈ ಲೈಬ್ರರಿಗಳ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಳ್ಳಿ. ಸಿಮೇಕ್ ಏನಿದೆ ಏನಿಲ್ಲ ಅಂತ ಲೆಕ್ಕ ಹಾಕುತ್ತೆ. ಇಲ್ಲದ್ದರ ಹೆಸರು ಹಿಡಿದು ಬೈಯುತ್ತೆ. ಅದನ್ನು ತುಂಬಿಸಿ 'ಮೇಕ್' ಅಂದರೆ ಒಂದೊಂದೇ ಫೈಲಿನ ಹೆಸರು ಪರದೆ ಮೇಲೆ ಹರಿಯತೊಡಗುತ್ತೆ.

ಚರಿತ್ರೆ ಇರೋದು ಆ ಫೈಲುಗಳಲ್ಲಿ. 6502 ಚಿಪ್ಪಿಗೆ ದಶಮಾಂಶ ಪದ್ಧತಿಯಲ್ಲಿ ಕೂಡಿ ಕಳೆಯೋಕೆ ಬರುತ್ತಿತ್ತು. ರಿಕೋ ಚಿಪ್ಪಿನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಎಮ್ಯುಲೇಟರಿನ ಕೂಡೋ ಸಾಲುಗಳಲ್ಲೂ ಅದಿಲ್ಲ. ಯಂತ್ರದ ಊನವನ್ನೂ ಹಾಗೇ ಬರೆದಿಟ್ಟಿದ್ದಾರೆ. ಇನ್ನೂ ಮುಂದೆ ಕ್ಯಾಸೆಟ್‌ಗಳ ಪಟ್ಟಿ. ಕ್ಯಾಸೆಟ್ ಒಳಗಿನ ಸರ್ಕ್ಯೂಟಿನ ಒಂದೊಂದು ನಮೂನೆಗೂ ಒಂದು 'ಮ್ಯಾಪರ್' ಸಂಖ್ಯೆ. ಆ ಪಟ್ಟಿಯಲ್ಲಿ ನಿಂಟೆಂಡೊದ ಅಸಲಿ ಬೋರ್ಡುಗಳ ಜೊತೆಗೇ 15ನೇ ಸಂಖ್ಯೆಯಲ್ಲಿ '100 ಇನ್ 1', 227ರಲ್ಲಿ '1200 ಇನ್ 1'. ಅಂದರೆ ನಾವು ಆಡಿದಂಥ ಕಳ್ಳ ಕ್ಯಾಸೆಟ್‌ಗಳೇ! ಯಾರೋ ಕೂತು ಅವುಗಳ ಮೆನು ಒಂದು ಆಟದಿಂದ ಇನ್ನೊಂದಕ್ಕೆ ಹೇಗೆ ಹಾರುತ್ತೆ ಅಂತ ಪತ್ತೆ ಹಚ್ಚಿ ಬರೆದಿದ್ದಾರೆ. ಯಾವ ಕಂಪನಿಯೂ ತನ್ನದು ಅಂತ ಒಪ್ಪದ ವಸ್ತುವಿಗೆ ಅಲ್ಲಿ ದಾಖಲೆ ಸಿಕ್ಕಿದೆ.

ಆಟ ಶುರು ಮಾಡಿದರೆ ಮಾರಿಯೋ ಹಾಡು ಯಾಕೋ ಅವಸರದಲ್ಲಿತ್ತು. ಕಾರಣ ಇದೆ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತಿತ್ತು. 1982ರಲ್ಲಿ ಕಲರ್ ಟಿವಿ ತಂದಾಗ ನಾವು ಆರಿಸಿಕೊಂಡದ್ದು ಪಾಲ್ ಪದ್ಧತಿ, 50 ಸಲ. ಆಟದ ಓಟ ಆ ಲೆಕ್ಕಕ್ಕೇ ಕಟ್ಟಿಬಿದ್ದದ್ದು. ಮೆನುವಿನಲ್ಲಿ ಪ್ರದೇಶ ಆರಿಸೋಕೆ ಮೂರು ಹೆಸರು: ಎನ್‌ಟಿಎಸ್‌ಸಿ, ಪಾಲ್, ಡೆಂಡಿ. ಮೂರನೆಯದನ್ನು ಒತ್ತಿದೆ. ಹಾಡು ಇಳಿಯಿತು, ನನ್ನ ನೆನಪಿನ ವೇಗಕ್ಕೆ ಬಂತು.

ಜಪಾನಿನ ಯಂತ್ರದ ಪಕ್ಕದಲ್ಲಿ ರಷ್ಯಾದ ನಕಲಿಗೆ ಒಂದು ಸಾಲು ಸಿಕ್ಕಿದೆ, ಯಾಕಂದ್ರೆ ಅಲ್ಲಿ ಆಡಿ ಬೆಳೆದವರು ಅದನ್ನು ಅಳೆದು, ಬರೆದು, ಹಂಚಿದರು. ಬೆಂಗಳೂರಲ್ಲಿ ನಮ್ಮಷ್ಟು ಎಂಜಿನಿಯರ್‌ಗಳಿದ್ದೂ ನಮ್ಮ ಡಬ್ಬಕ್ಕೆ ಆ ಮೆನುವಿನಲ್ಲಿ ಹೆಸರಿಲ್ಲ. ನಾವು ಬೇರೆಯವರ ನೆನಪಿನ ಗುಂಡಿ ಒತ್ತಿ ನಮ್ಮ ಬಾಲ್ಯ ಕೇಳಿಸಿಕೊಳ್ಳುತ್ತೇವೆ.

ಇದು ಆಟಕ್ಕಷ್ಟೇ ಸಂಬಂಧಪಟ್ಟ ಮಾತಲ್ಲ. ಕನ್ನಡಕ್ಕೆ ಒಳ್ಳೆ ತಂತ್ರಾಂಶ ಬೇಕು ಅಂತ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ದನಿ ಎತ್ತಿದವರು ಪೂರ್ಣಚಂದ್ರ ತೇಜಸ್ವಿ. ಯೂನಿಕೋಡ್ ಬರೋ ಮುಂಚೆ ಟೈಪ್ ಮಾಡಿದ ಕನ್ನಡ ಫೈಲು ನಿಮ್ಮ ಹಳೆ ಸಿಡಿಯಲ್ಲಿದ್ದರೆ ತೆರೆದು ನೋಡಿ. ಆ ಫಾಂಟ್ ಇಲ್ಲದಿದ್ದರೆ ಕಾಣೋದು ಬರೀ ಇಂಗ್ಲಿಷ್ ಅಕ್ಷರದ ಕಸ. ಅದನ್ನು ಮತ್ತೆ ಕನ್ನಡ ಮಾಡೋ ಪರಿವರ್ತಕವೂ ಒಂಥರಾ ಎಮ್ಯುಲೇಟರೇ. ಅದರ ಕೋಡ್ ಯಾರ ಹತ್ತಿರ ಇದೆ ಅನ್ನೋದರ ಮೇಲೆ ಆ ಬರಹ ಎಷ್ಟು ದಿನ ಓದೋಕೆ ಸಿಗುತ್ತೆ ಅನ್ನೋದು ನಿಂತಿದೆ.

ಕಾನೂನಿನ ಅನುಮಾನ ಇರೋರಿಗೆ ಒಂದು ಮಾತು. ಯಂತ್ರವನ್ನು ಅಭ್ಯಾಸ ಮಾಡಿ ಎಮ್ಯುಲೇಟರ್ ಬರೆಯೋದು ಬೇರೆ, ಆಟಗಳನ್ನು ಕದ್ದು ಹಂಚೋದು ಬೇರೆ. ಸೋನಿ ಮತ್ತು ಕನೆಕ್ಟಿಕ್ಸ್ ಕಂಪನಿಗಳ ವ್ಯಾಜ್ಯದಲ್ಲಿ 2000ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಎಮ್ಯುಲೇಟರ್ ಬರೆದವರ ಪರ ನಿಂತಿತು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನೂ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸಿ ಕಲಿಯೋಕೆ ಜಾಗ ಕೊಟ್ಟಿದೆ.

ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಖಾಲಿ ಗೋಣಿಚೀಲಗಳ ಹಿಂದೆ ಆ ಡಬ್ಬ ಸಿಕ್ಕರೆ ಗುಜರಿಗೆ ಹಾಕಬೇಡಿ. ನಾಲ್ಕು ಸ್ಕ್ರೂ ಬಿಚ್ಚಿ, ಬೋರ್ಡಿನ ಫೋಟೋ ತೆಗೆದು, ಮೇಲಿರೋ ನಂಬರ್ ಬರೆದಿಡಿ. ಮಿಕ್ಕ ಕೆಲಸಕ್ಕೆ ಕೋಡ್ ತೆರೆದೇ ಇದೆ.