ಫರಸಿ ಕಲ್ಲಿನ ಮನೆ: ಸುಣ್ಣದಿಂದ ಸಿಮೆಂಟಿಗೆ

ಸೇಡಂ ತಾಲ್ಲೂಕಿನ ಆಡಕಿಯಿಂದ ಚಿತ್ತಾಪುರ, ವಾಡಿ, ಶಹಾಬಾದಿನವರೆಗೆ ಹಳೆಯ ಕಲ್ಲುಮನೆ ಇರುವವರು ಗೌಂಡಿಯನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಗೋಡೆಗೆ ಸಿಮೆಂಟ್ ಗಿಲಾವ ಮಾಡಿಸಿ ಮೂರು ವರ್ಷ ಆಗಿಲ್ಲ, ಆಗಲೇ ಉಬ್ಬಿ ಉದುರುತ್ತಿದೆ. ಸಿಮೆಂಟ್ ಕಡಿಮೆ ಹಾಕಿದರೆ?’ ಎಷ್ಟೋ ಸಲ ತಪ್ಪು ಸಿಮೆಂಟಿನ ಪ್ರಮಾಣದ್ದಲ್ಲ. ಕಾರಣ ತಿಳಿಯಬೇಕಾದರೆ ಆ ಗೋಡೆ ಕಟ್ಟಿದ ಕಾಲಕ್ಕೆ ಹೋಗಬೇಕು.

ಈ ಸೀಮೆಯ ನೆಲದಡಿ ಇರುವುದು ಭೀಮಾ ಶಿಲಾಸಮೂಹಕ್ಕೆ ಸೇರಿದ ಸುಣ್ಣಕಲ್ಲು. ಪದರ ಪದರವಾಗಿ ಏಳುವ ಇದನ್ನು ಜನ ಫರಸಿ ಎನ್ನುತ್ತಾರೆ. ಹೊರಗಿನವರಿಗೆ ಇದು ಶಹಾಬಾದ್ ಕಲ್ಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಗಿಣಾ ದಂಡೆಯ ಮಳಖೇಡದ ಕೋಟೆಗೂ ಇಲ್ಲಿಯ ಕಲ್ಲೇ.

ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಭಟ್ಟಿಯಲ್ಲಿ ಸುಟ್ಟರೆ ಅದೇ ಕಲ್ಲು ಸುಣ್ಣವಾಗುತ್ತದೆ. ಶುದ್ಧ ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗಿದ್ದರೆ 100 ಕಿಲೋಗ್ರಾಮಿನಲ್ಲಿ 44 ಕಿಲೋಗ್ರಾಮ್ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗಿ 56 ಕಿಲೋಗ್ರಾಮ್ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಚ್ಚು ಸಿದ್ಧ. ಗೋಡೆಯ ಮೇಲೆ ಗಚ್ಚು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಗುಮ್ಮಟಗಳನ್ನು ನೋಡಿದವರಿಗೆ ಗಚ್ಚಿನ ಬಾಳಿಕೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಸಾಮಾನ್ಯ ರೈತನಿಗೆ ಅಷ್ಟು ಸುಣ್ಣ ಎಲ್ಲಿಂದ ಬರಬೇಕು? ಅವನ ಮನೆಯಲ್ಲಿ ಕಲ್ಲುಗಳ ನಡುವೆ ಕಲಸಿದ ಮಣ್ಣು. ಸುಣ್ಣವೇನಿದ್ದರೂ ಹೊರಗಿನ ಸಂದುಗಳಿಗೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1871ರಲ್ಲಿ ಸೊಲ್ಲಾಪುರ–ರಾಯಚೂರು ರೈಲುಮಾರ್ಗ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನ ಮಾರ್ಗ ಬಂದವು. ಫರಸಿ ದೂರದ ಊರುಗಳ ನೆಲ ಸೇರಿತು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ನೂರು ವರ್ಷಗಳ ನಂತರ, 1920ರ ದಶಕದಲ್ಲಿ, ಶಹಾಬಾದಿನ ಕಾರ್ಖಾನೆಯಲ್ಲಿ ಇದೇ ಕಲ್ಲಿನಿಂದ ತಯಾರಾಗತೊಡಗಿತು. ಆ ಕಂಪನಿ 1936ರಲ್ಲಿ ಎ.ಸಿ.ಸಿ.ಯಲ್ಲಿ ವಿಲೀನವಾಯಿತು. ವಾಡಿಯ ಕಾರ್ಖಾನೆ 1968ರದು. ಮಳಖೇಡ ಮತ್ತು ಸೇಡಂ ಕಾರ್ಖಾನೆಗಳು 1980ರ ದಶಕದವು. ಸುಣ್ಣದ ಭಟ್ಟಿಗಳು ಆರಿದವು. ಗಾಣದ ಕಲ್ಲುಚಕ್ರದ ಜೊತೆಗೆ ಗಚ್ಚು ಹದ ಮಾಡಬಲ್ಲ ಗೌಂಡಿಗಳೂ ವಿರಳವಾದರು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ನಷ್ಟ.

ಸಿಮೆಂಟಿನ ದಾರಿ ಬೇರೆ. ಸುಣ್ಣಕಲ್ಲಿಗೆ ಜೇಡಿಮಣ್ಣು ಬೆರೆಸಿ ಸುಮಾರು 1450 ಡಿಗ್ರಿಗೆ ಸುಟ್ಟಾಗ ಕ್ಯಾಲ್ಸಿಯಮ್ ಸಿಲಿಕೇಟುಗಳು ಉಂಟಾಗುತ್ತವೆ. ಅವು ಗಾಳಿಗೆ ಕಾಯುವುದಿಲ್ಲ, ನೀರಿನೊಡನೆ ವರ್ತಿಸಿ ಗಟ್ಟಿಯಾಗುತ್ತವೆ. ಹೀಗಾದ ಗಿಲಾವ ಬಿರುಸು. ನೀರಾವಿ ಅದರ ಮೂಲಕ ಸುಲಭವಾಗಿ ಹಾಯುವುದಿಲ್ಲ.

ಈಗ ಗೋಡೆಗೆ ಬನ್ನಿ. ಫರಸಿ ದಟ್ಟವಾದ ಕಲ್ಲು, ನೀರನ್ನು ಹೀರುವುದು ಬಹಳ ಕಡಿಮೆ. ನೆಲದ ತೇವ ಏರುವುದೂ ಆರುವುದೂ ಸಂದಿನ ಮಣ್ಣಿನ ಮೂಲಕವೇ. ಆ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ತೇವ ಒಳಗೇ ನಿಂತು ಇನ್ನೂ ಮೇಲೇರುತ್ತದೆ. ಅದರಲ್ಲಿ ಕರಗಿದ ಲವಣಗಳು ಗಿಲಾವದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತವೆ. ಗಿಲಾವ ಉದುರಿದರೆ ನಷ್ಟ ಹಣದ್ದು ಮಾತ್ರ. ಅದು ಉದುರದೆ ನಿಂತು, ಒಳಗಿನ ಮಣ್ಣು ನೆನೆದು ಮೆತ್ತಗಾದರೆ ಗೋಡೆಯೇ ಕುಸಿಯಬಹುದು.

ಪರೀಕ್ಷೆ ಸುಲಭ. ಸಂದಿನಿಂದ ಒಂದು ಹೆಂಟೆ ತೆಗೆದು ನೀರಿನ ಲೋಟದಲ್ಲಿ ಬಿಡಿ. ಮಣ್ಣಾದರೆ ಸ್ವಲ್ಪ ಹೊತ್ತಿನಲ್ಲಿ ಕದಡಿ ಕೂರುತ್ತದೆ. ಗಚ್ಚು ಹಾಗೇ ಉಳಿಯುತ್ತದೆ. (ನಿಂಬೆರಸದ ನೊರೆಯನ್ನು ಇಲ್ಲಿ ನಂಬಬೇಡಿ. ಈ ಸೀಮೆಯ ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಇದ್ದೇ ಇರುತ್ತದೆ!) ಮಣ್ಣಿನ ಗೋಡೆಯಾದರೆ ಮೊದಲು ಮಾಳಿಗೆಯ ನೀರನ್ನು ಬುಡದಿಂದ ದೂರ ಹರಿಸಿ. ಅನಂತರ ಸಡಿಲವಾದ ಸಿಮೆಂಟನ್ನು ಕಿತ್ತು, ಒಂದು ಬೇಸಿಗೆ ಒಣಗಲು ಬಿಟ್ಟು, ಸಂದುಗಳಿಗೆ ಸುಣ್ಣದ ಗಚ್ಚು ತುಂಬಿಸಿ. ಗೋಡೆ ಹೊರಕ್ಕೆ ಉಬ್ಬಿದ್ದರೆ ಏನನ್ನೂ ಕೀಳುವ ಮೊದಲು ಎಂಜಿನಿಯರಿಗೆ ತೋರಿಸಿ.

ಮಾಳಿಗೆ ಸೋರಿದರೆ? ಹಿರಿಯರು ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹರಡುತ್ತಿದ್ದರು. ಅದರಲ್ಲಿರುವ ಸೋಡಿಯಮ್ ಜೇಡಿಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಅವು ಸಣ್ಣ ರಂಧ್ರಗಳಲ್ಲಿ ಕುಳಿತು ನೀರನ್ನು ತಡೆಯುತ್ತವೆ. ಜಾಣ ಉಪಾಯವೇ ಸರಿ. ಹಳೆಯ ಮಣ್ಣನ್ನು ತೆಗೆಯದೆ ಪ್ರತಿವರ್ಷ ಹೊಸದನ್ನು ಪೇರಿಸುವುದು ಮಾತ್ರ ಅಪಾಯ. 10 ಸೆಂಟಿಮೀಟರ್ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 160 ಕಿಲೋಗ್ರಾಮ್ ತೂಗುತ್ತದೆ. 12 ಚದರ ಮೀಟರ್ ಕೋಣೆಯ ಮೇಲೆ ಹತ್ತಿರಹತ್ತಿರ ಎರಡು ಟನ್ನು. ನೆನೆದಾಗ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಜನ ಸತ್ತದ್ದು ಹೊಳೆಯ ನೀರಿನಿಂದಷ್ಟೇ ಅಲ್ಲ, ಮನೆ ಕುಸಿದೂ ಸತ್ತರು. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ, ಆ ಕೋಣೆಯಲ್ಲಿ ಮಲಗಬೇಡಿ.

ಇನ್ನು ನೆಲದ ಫರಸಿ ಹೊಳಪು ಕಳೆದುಕೊಳ್ಳುವುದೇಕೆ? ಕಲೆ ತೆಗೆಯಲು ಸುರಿಯುವ ಆಸಿಡ್ ಹೈಡ್ರೊಕ್ಲೋರಿಕ್ ಆಮ್ಲ. ಅದು ಕಲೆಯನ್ನಷ್ಟೇ ಅಲ್ಲ, ಕಲ್ಲನ್ನೂ ಕರಗಿಸುತ್ತದೆ. ಆಗ ಏಳುವ ಗುಳ್ಳೆಗಳು ಭಟ್ಟಿಯಲ್ಲಿ ಹಾರಿಹೋದ ಅದೇ ಅನಿಲದವು.