ಗ್ರಾಫಿಕ್ಸ್ ಕಾರ್ಡ್ ಹಾಕಿದರೂ 'ನೋ ಸಿಗ್ನಲ್' ಬರುತ್ತಿದೆಯೇ? ವಿಜಿಎ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ವ್ಯತ್ಯಾಸ ತಿಳಿಯಿರಿ

ಕಂತಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಕಂಪ್ಯೂಟರ್‌ಗೆ ಹಾಕಿದ್ದೀರಿ. ಆನ್ ಮಾಡಿದರೆ ಮಾನಿಟರ್‌ನಲ್ಲಿ 'ನೋ ಸಿಗ್ನಲ್' ಎಂಬ ಬರಹ ಮಾತ್ರ. ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮುನ್ನ ಒಮ್ಮೆ ಸಿಪಿಯು ಹಿಂಭಾಗ ನೋಡಿ. ಕಾರ್ಡ್ ಖರೀದಿಸಿದ್ದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿರಲಿ, ಕೊಚ್ಚಿಯ ಪೆಂಟಾ ಮೇನಕಾದಲ್ಲಿರಲಿ, ತಪ್ಪು ಕೇಬಲ್ಲಿನದ್ದೂ ಆಗಿರಬಹುದು.

ಮೊದಲು ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಯುಎಸ್‌ಬಿ, ಇಂಟರ್‌ನೆಟ್ ಕೇಬಲ್‌ಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಕಿಂಡಿ ಮದರ್‌ಬೋರ್ಡ್‌ನದ್ದು. ಗ್ರಾಫಿಕ್ಸ್ ಕಾರ್ಡ್‌ನ ಕಿಂಡಿಗಳು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ, ಅಡ್ಡ ಸಾಲಿನಲ್ಲಿರುತ್ತವೆ. ಮದರ್‌ಬೋರ್ಡ್‌ಗೆ ಸಿಕ್ಕಿಸಿದರೆ ಒಂದೋ ಚಿತ್ರವೇ ಬರುವುದಿಲ್ಲ, ಇಲ್ಲವೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಿಂದಲೇ ಗೇಮ್ ಕುಂಟುತ್ತಾ ನಡೆಯುತ್ತದೆ. ಹೆಸರಿನ ಕೊನೆಯಲ್ಲಿ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ.

ಹಳೆ ಮಾನಿಟರ್‌ಗೆ ಹೊಸ ಕಾರ್ಡ್

ನೀಲಿ ಬಣ್ಣದ, 15 ಪಿನ್‌ಗಳ, ಎರಡು ಸ್ಕ್ರೂ ಇರುವ ಕೇಬಲ್ ನೆನಪಿದೆಯೇ? ಅದೇ ವಿಜಿಎ. 1987ರಲ್ಲಿ ಐಬಿಎಂ ತಂದ ಇದು ಅನಲಾಗ್ ಸಂಕೇತವನ್ನು ಒಯ್ಯುತ್ತದೆ. ನಂತರ 1999ರಲ್ಲಿ ಡಿವಿಐ ಬಂತು. ಅದರ ಡಿವಿಐ-ಐ ಮಾದರಿಯಲ್ಲಿ ಡಿಜಿಟಲ್ ಜೊತೆ ಅನಲಾಗ್ ಕೂಡ ಇದ್ದುದರಿಂದ ಅಗ್ಗದ ಕನ್ವರ್ಟರ್ ಹಾಕಿ ವಿಜಿಎ ಮಾನಿಟರ್ ನಡೆಸಬಹುದಿತ್ತು. 2016ರ ಎನ್‌ವಿಡಿಯಾ ಜಿಟಿಎಕ್ಸ್ 10 ಸರಣಿಯಿಂದ ಆ ಅನಲಾಗ್ ಸೌಲಭ್ಯವೇ ಇಲ್ಲ.

ಹಾಗೆಂದು ಹಳೆ ಮಾನಿಟರ್ ಎಸೆಯಬೇಕಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ ಇರುವ ಕನ್ವರ್ಟರ್ ಸಿಗುತ್ತದೆ. ಚಿಪ್ ಇಲ್ಲದೆ ಬರೀ ತಂತಿ ಜೋಡಿಸಿದ ಕೇಬಲ್ ಕೆಲಸ ಮಾಡದು. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ, ಸ್ಪೀಕರ್‌ಗೆ ಬೇರೆ ತಂತಿ ಬೇಕು.

ಕನ್ವರ್ಟರ್‌ಗೆ ದಿಕ್ಕೂ ಇದೆ, ಅನೇಕರು ಎಡವುವುದು ಇಲ್ಲಿಯೇ. ಕಾರ್ಡ್‌ನ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರ್‌ನ ಎಚ್‌ಡಿಎಂಐಗೆ ಸಾಮಾನ್ಯ ಕೇಬಲ್ ಬಹುತೇಕ ಸಾಕಾಗುತ್ತದೆ. ಅದೇ ಕೇಬಲ್ಲನ್ನು ತಿರುಗಿಸಿ, ಕಾರ್ಡ್‌ನ ಎಚ್‌ಡಿಎಂಐನಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ ಹಾಕಿದರೆ ಚಿತ್ರ ಬರುವುದಿಲ್ಲ. ಅಂಗಡಿಯಲ್ಲಿ ಕೇಳುವಾಗ ಯಾವುದರಿಂದ ಯಾವುದಕ್ಕೆ ಎಂದು ಸ್ಪಷ್ಟವಾಗಿ ಹೇಳಿ.

ಎಚ್‌ಡಿಎಂಐ ಸಾಕೇ, ಡಿಸ್‌ಪ್ಲೇಪೋರ್ಟ್ ಬೇಕೇ?

ಕಚೇರಿ ಕೆಲಸ, ಸಿನಿಮಾಕ್ಕೆ ಎಚ್‌ಡಿಎಂಐ ಧಾರಾಳ ಸಾಕು. ಟಿವಿಗೆ ಜೋಡಿಸುವುದಿದ್ದರೆ ಅದೇ ಬೇಕು. ಆದರೆ ಎಲ್ಲ ಎಚ್‌ಡಿಎಂಐ ಒಂದೇ ಅಲ್ಲ. ನೋಡಲು ಒಂದೇ ಥರ ಇದ್ದರೂ 1.4 ಆವೃತ್ತಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಕಳುಹಿಸಿದರೆ, 2013ರ 2.0 ಆವೃತ್ತಿ 60 ಬಾರಿ, 2017ರ 2.1 ಆವೃತ್ತಿ 120 ಬಾರಿ ಕಳುಹಿಸಬಲ್ಲದು. ಕಾರ್ಡ್, ಕೇಬಲ್, ಮಾನಿಟರ್ ಈ ಮೂರರಲ್ಲಿ ಯಾವುದು ಹಿಂದಿದೆಯೋ ಅದರ ಮಿತಿಯೇ ನಿಮಗೆ ಸಿಗುವುದು.

ಗೇಮಿಂಗ್ ಮಾನಿಟರ್ ಕೊಂಡವರಿಗೆ ಇದು ದುಡ್ಡಿನ ವಿಷಯ. 2560x1440 ರೆಸಲ್ಯೂಶನ್‌ನ 144 ಹರ್ಟ್ಸ್ ಮಾನಿಟರ್‌ನಲ್ಲಿ ಎಚ್‌ಡಿಎಂಐ 1.4 ಮಾತ್ರ ಇದ್ದರೆ ಸುಮಾರು 75 ಹರ್ಟ್ಸ್‌ಗೇ ನಿಲ್ಲುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಇದ್ದರೆ ಪೂರ್ತಿ 144 ಸಿಗುತ್ತದೆ. ಈಗಿನ ಹಲವು ಕಾರ್ಡ್‌ಗಳಲ್ಲಿ ಒಂದು ಎಚ್‌ಡಿಎಂಐ, ಮೂರು ಡಿಸ್‌ಪ್ಲೇಪೋರ್ಟ್ ಇರುತ್ತವೆ.

ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಮೂಲಕವೂ ಮಾನಿಟರ್ ಜೋಡಿಸಬಹುದು, ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಗಳಲ್ಲಿ ಈ ಸೌಲಭ್ಯವಿಲ್ಲ. ಲ್ಯಾಪ್‌ಟಾಪ್ ಮಾಹಿತಿಯಲ್ಲಿ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎಂದಿದೆಯೇ ನೋಡಿಕೊಳ್ಳಿ.

ಸರಿಯಾದ ಕೇಬಲ್ ಹಾಕಿದ ಮೇಲೂ ವಿಂಡೋಸ್ 60 ಹರ್ಟ್ಸ್‌ನಲ್ಲೇ ಉಳಿದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಬದಲಿಸಿ. ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆಯುವಾಗ ಅದರ ಮೇಲಿನ ಗುಂಡಿ ಒತ್ತಿಯೇ ಎಳೆಯಿರಿ, ಜಗ್ಗಿದರೆ ಕಾರ್ಡ್‌ನ ಕಿಂಡಿ ಹಾಳಾಗಬಹುದು.