ಆಂಬಿಯೆಂಟ್ ಅಕ್ಲೂಷನ್: ಮುಖಕ್ಕೆಷ್ಟು, ಕಲ್ಲಿಗೆಷ್ಟು?

ಕಂಪ್ಯೂಟರಿನಲ್ಲಿ ತ್ರೀಡಿ ಪಾತ್ರ ಕಟ್ಟುವುದನ್ನು ಕಲಿಯುವವರು ಉತ್ತರ ಬೆಂಗಳೂರಿನಲ್ಲಿ ಬಹಳ ಮಂದಿ. ಯಲಹಂಕದಲ್ಲಿ 1996ರಲ್ಲಿ ಹುಟ್ಟಿದ ಸೃಷ್ಟಿ ವಿನ್ಯಾಸ ಸಂಸ್ಥೆಯಿದೆ. ಯಶವಂತಪುರದ ಕಡೆ, ತುಮಕೂರು ರಸ್ತೆಗೆ ಹತ್ತಿರದ ಎನ್‌ಐಡಿ ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ವಿನ್ಯಾಸಕ್ಕೇ ಸ್ನಾತಕೋತ್ತರ ಪದವಿ ಇದೆ. ಎಲ್ಲೇ ಕಲಿಯಲಿ, ಮೊದಮೊದಲ ರೆಂಡರುಗಳಲ್ಲಿ ಒಂದು ಲಕ್ಷಣ ತಪ್ಪುವುದಿಲ್ಲ: ಮೂಗಿನ ಪಕ್ಕ, ಕಣ್ಣಿನ ಸುತ್ತ, ಕಂಕುಳಲ್ಲಿ ಮಸಿ ಬಳಿದ ಹಾಗೆ ಕಪ್ಪು. ಕಾರಣ ಬಹುತೇಕ ಆಂಬಿಯೆಂಟ್ ಅಕ್ಲೂಷನ್; ಕಸುಬಿನವರ ಬಾಯಲ್ಲಿ ಬರೀ ‘ಎಒ’.

ಏನಿದು?

ಜುಲೈನ ಮೋಡ ಕವಿದ ಮಧ್ಯಾಹ್ನ ಹೆಬ್ಬಾಳ ಫ್ಲೈಓವರಿನ ಹತ್ತಿರ ನಿಂತು ನೋಡಿ. ಬಿಸಿಲಿಲ್ಲ, ಯಾವುದರ ನೆರಳೂ ನೆಲದ ಮೇಲೆ ಸ್ಪಷ್ಟವಾಗಿ ಬಿದ್ದಿಲ್ಲ. ಆದರೂ ನಿಂತ ಬಸ್ಸಿನ ಅಡಿ, ಕಂಬ ನೆಲಕ್ಕೆ ಕೂಡುವ ಮೂಲೆ, ಸಿಗ್ನಲ್ಲಿನಲ್ಲಿ ಕಾಯುತ್ತಿರುವವರ ಗದ್ದದ ಕೆಳಗೆ ಕಪ್ಪಿದೆ. ಬೆಳಕು ಇಡೀ ಆಕಾಶದಿಂದ ಬರುತ್ತಿದೆ, ಆ ಜಾಗಗಳಿಗೆ ಆಕಾಶ ಕಾಣುವುದೇ ಕಡಿಮೆ.

ತಂತ್ರಾಂಶ ಮಾಡುವುದೂ ಇದೇ ಲೆಕ್ಕ. ಮೇಲ್ಮೈಯ ಒಂದೊಂದು ಬಿಂದುವಿನಿಂದ ಹೊರಮುಖವಾಗಿ ಎಲ್ಲ ದಿಕ್ಕಿಗೂ ಕಿರಣ ಬಿಟ್ಟು, ಎಷ್ಟಕ್ಕೆ ಅಡ್ಡಿಯಾಯಿತು ಎಂದು ಎಣಿಸುತ್ತದೆ. ಪೂರ್ತಿ ತೆರೆದಿದ್ದರೆ ಬಿಳಿ, ಪೂರ್ತಿ ಮುಚ್ಚಿದ್ದರೆ ಕಪ್ಪು. ಈ ಲೆಕ್ಕದಲ್ಲಿ ದೀಪ ಎಲ್ಲಿದೆ ಎಂಬ ಮಾತೇ ಬರುವುದಿಲ್ಲ. ಎಒಗೆ ಗೊತ್ತಿರುವುದು ಆಕಾರ ಮಾತ್ರ. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇದನ್ನು ಮರೆತಾಗ.

ಎಲ್ಲಿಂದ ಬಂತು?

ಇಂಥದೊಂದು ಲೆಕ್ಕವನ್ನು ಝುಕೋವ್, ಯೋನೆಸ್, ಕ್ರೋನಿನ್ ಎಂಬುವರು 1998ರಲ್ಲಿ ಪ್ರಕಟಿಸಿದರು. ಸಿನಿಮಾಕ್ಕೆ ಒಗ್ಗಿಸಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ. 2001ರ ‘ಪರ್ಲ್ ಹಾರ್ಬರ್’ ಚಿತ್ರದ ವಿಮಾನಗಳಲ್ಲಿ ಅದನ್ನು ಕಾಣಬಹುದು. ಈ ಕೆಲಸಕ್ಕಾಗಿ ಹೇಡನ್ ಲ್ಯಾಂಡಿಸ್, ಕೆನ್ ಮೆಕ್‌ಗಾ, ಹಿಲ್ಮಾರ್ ಕೋಖ್ ಅವರಿಗೆ 2010ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. 2007ರ ‘ಕ್ರೈಸಿಸ್’ ಗೇಮು, ತೆರೆಯ ಮೇಲೆ ಕಾಣುವ ಆಳವನ್ನಷ್ಟೇ ಬಳಸಿ ಈ ಲೆಕ್ಕವನ್ನು ಆಟ ನಡೆಯುತ್ತಿರುವಾಗಲೇ ಮಾಡಿ ತೋರಿಸಿತು.

ಪಾತ್ರದ ಮುಖ ಕೆಡುವುದೆಲ್ಲಿ?

ಎಒ ಲೆಕ್ಕವನ್ನು ಮೊದಲೇ ಮಾಡಿ ಚಿತ್ರವಾಗಿ ಉಳಿಸಿಡುವುದಕ್ಕೆ ‘ಬೇಕ್’ ಮಾಡುವುದು ಎನ್ನುತ್ತಾರೆ. ಆ ಚಿತ್ರವನ್ನು ಚರ್ಮದ ಬಣ್ಣದ ಮೇಲೆ ನೇರವಾಗಿ ಗುಣಿಸಿಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ದೀಪವನ್ನು ತಂದು ಮೂಗಿನ ಪಕ್ಕಕ್ಕೇ ಹಿಡಿದರೂ ಆ ಕಪ್ಪು ಹೋಗುವುದಿಲ್ಲ. ಎಒ ತಗ್ಗಿಸಬೇಕಾದ್ದು ಸುತ್ತಲಿನಿಂದ ಬರುವ ಬೆಳಕನ್ನು ಮಾತ್ರ. ನೇರ ದೀಪದ ನೆರಳನ್ನು ದೀಪವೇ ನೋಡಿಕೊಳ್ಳುತ್ತದೆ. ತ್ರೀಡಿ ಮಾದರಿಗಳನ್ನು ಹಂಚಿಕೊಳ್ಳುವ ಜಿಎಲ್‌ಟಿಎಫ್ 2.0 ಎಂಬ ಕಡತ ವಿನ್ಯಾಸ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ: ಎಒ ಕೂರುವುದು ಚಿತ್ರದ ಕೆಂಪು ಚಾನೆಲ್ಲಿನಲ್ಲಿ, ಅನ್ವಯಿಸುವುದು ಪರೋಕ್ಷ ಬೆಳಕಿಗೆ.

ಇನ್ನೊಂದು, ಬೇಕ್ ಮಾಡುವಾಗಿನ ಭಂಗಿ. ಕೈಯನ್ನು ಮೈಗೆ ಅಂಟಿಸಿ ನಿಲ್ಲಿಸಿ ಬೇಕ್ ಮಾಡಿದರೆ ಕಂಕುಳ ಕಪ್ಪು ಚಿತ್ರದಲ್ಲೇ ಅಚ್ಚಾಗಿಬಿಡುತ್ತದೆ. ಆಮೇಲೆ ಪಾತ್ರ ಕೈ ಎತ್ತಿ ಕುಣಿದರೂ ಪಕ್ಕೆಯ ಮೇಲೆ ಆ ಕಲೆ ಹಾಗೇ ಇರುತ್ತದೆ. ಆದ್ದರಿಂದ ಕೈ ಚಾಚಿ ನಿಲ್ಲಿಸಬೇಕು, ಅಲುಗಾಡುವ ಭಾಗಗಳನ್ನು ಬೇರೆ ಬೇರೆಯಾಗಿ ಬೇಕ್ ಮಾಡಬೇಕು. ತುಟಿ, ರೆಪ್ಪೆಗೂ ಇದೇ ಮಾತು.

ಕಿರಣ ಎಷ್ಟು ದೂರ ಹೋಗಬೇಕು ಎಂಬುದನ್ನು ಬಹಳ ಜನ ಮುಟ್ಟುವುದೇ ಇಲ್ಲ. ಆಳೆತ್ತರದ ಪಾತ್ರಕ್ಕೆ ಕೆಲವು ಸೆಂಟಿಮೀಟರ್ ಕೊಟ್ಟರೆ ತುಟಿಯ ಸಂದು, ಕಿವಿಯ ಮಡಿಕೆ ಎದ್ದು ಬರುತ್ತವೆ. ಅರ್ಧ ಮೀಟರ್ ಕೊಟ್ಟರೆ ಇಡೀ ಕತ್ತೇ ಮಂಕಾಗುತ್ತದೆ. ಇಷ್ಟು ಸಾಲದೆಂಬಂತೆ ಬೇಕ್ ಮಾಡಿದ ಎಒ ಮೇಲೆ ಗೇಮ್ ಎಂಜಿನ್ನಿನ ಎಒ, ಅದರ ಮೇಲೆ ಬೆಳಕಿನ ಪುಟಿತದ ಪೂರ್ಣ ಲೆಕ್ಕ ಸೇರಿದರೆ ಒಂದೇ ಕತ್ತಲಿಗೆ ಮೂರು ಬಾರಿ ತೆರಿಗೆ ಕಟ್ಟಿದಂತಾಯಿತು.

ಚರ್ಮದ ಕಥೆಯೇ ಬೇರೆ. ಬೆಳಕು ಚರ್ಮದೊಳಗೆ ಹೊಕ್ಕು ಹರಡಿ ಹೊರಬರುವುದರಿಂದ ಮಡಿಕೆಗಳಲ್ಲಿ ಕೆಂಪು ಛಾಯೆ ಇರುತ್ತದೆ, ಬೂದು ಇರುವುದಿಲ್ಲ. ತಿಳಿ ಬಣ್ಣದ ಮೇಲ್ಮೈಯಿಂದ ಬೆಳಕು ಸಂದಿಗೊಂದಿಗಳಲ್ಲೂ ಪುಟಿಯುತ್ತದೆ. ಬಿಳಿ ಅಂಗಿಯ ನೆರಿಗೆ ಕರಿ ಕೋಟಿನ ನೆರಿಗೆಯಷ್ಟು ಕಪ್ಪಾಗುವುದಿಲ್ಲ. ಹೋರ್ಹೆ ಹಿಮೆನೆಸ್ ಮತ್ತು ಜೊತೆಗಾರರು 2016ರಲ್ಲಿ ವಿವರಿಸಿದ ಜಿಟಿಎಒ ವಿಧಾನ ಮೇಲ್ಮೈಯ ಬಣ್ಣವನ್ನೂ ಲೆಕ್ಕಕ್ಕೆ ಹಿಡಿಯುವುದು ಇದಕ್ಕೇ.

ಪರೀಕ್ಷೆ ಸುಲಭ: ಪಾತ್ರವನ್ನು ನಿಲ್ಲಿಸಿ ಸುತ್ತಲಿನ ಬೆಳಕನ್ನು ತಿರುಗಿಸಿ. ನೆರಳು ಓಡಾಡಬೇಕು. ಎಲ್ಲಿ ಕಪ್ಪು ಅಲುಗದೆ ಕಣ್ಣಿಗೆ ಚುಚ್ಚುತ್ತದೋ ಅಲ್ಲಿ ಎಒ ಹೆಚ್ಚಾಗಿದೆ.

ಹೆಬ್ಬಾಳದ ಕಲ್ಲಿಗೆ ಬೇರೆಯೇ ಅಳತೆ

ಮುಖದಲ್ಲಿ ಹಿಂದೆ ಸರಿಯಬೇಕಾದ ಎಒ ಕಲ್ಲಿನ ಶಾಸನದಲ್ಲಿ ಮುಂದೆ ಬಂದು ಕೂರುತ್ತದೆ. ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಅದರಲ್ಲಿ ವೀರನ ಉಬ್ಬುಶಿಲ್ಪವೂ ಇದೆ, ಅಕ್ಷರಗಳೂ ಇವೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯು ಬೆಂಗಳೂರು ಸುತ್ತಲಿನ ಶಾಸನಗಳನ್ನು 2021ರಿಂದ ತ್ರೀಡಿ ಸ್ಕ್ಯಾನ್ ಮಾಡುತ್ತಿದೆ, ಮಾದರಿಗಳನ್ನು ಅಂತರ್ಜಾಲದಲ್ಲಿ ಮುಕ್ತವಾಗಿ ಇಟ್ಟಿದೆ. ಗೇಮಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸದ ವಸ್ತು ಬೇರೆ ಬೇಕಿಲ್ಲ ಎಂದು ನನಗನಿಸುತ್ತದೆ.

ಸವೆದ ಅಕ್ಷರ ಓದಲು ಶಾಸನತಜ್ಞರು ಓರೆ ಬಿಸಿಲಿಗೆ ಕಾಯುತ್ತಿದ್ದರು, ಇಲ್ಲವೇ ಒದ್ದೆ ಕಾಗದ ಬಡಿದು ಮಸಿಯಲ್ಲಿ ಪಡಿಯಚ್ಚು ತೆಗೆಯುತ್ತಿದ್ದರು. ಓರೆ ಬೆಳಕಿನದೊಂದು ತೊಂದರೆ ಇದೆ: ಬೆಳಕಿಗೆ ಅಡ್ಡಲಾದ ಗೆರೆ ಎದ್ದು ಕಾಣುತ್ತದೆ, ಬೆಳಕು ಬಂದ ದಿಕ್ಕಿಗೇ ಹರಿಯುವ ಗೆರೆ ಅಳಿಸಿಹೋಗುತ್ತದೆ. ದುಂಡನೆಯ ಕನ್ನಡ ಅಕ್ಷರದಲ್ಲಿ ಅರ್ಧ ಸುತ್ತೇ ಮಾಯ. ದೀಪ ಕೆಳಗಿನಿಂದ ಬಂದರೆ ತಗ್ಗು ಉಬ್ಬಿನಂತೆ ಕಾಣುವುದೂ ಉಂಟು. ಸ್ಕ್ಯಾನಿನ ಬಣ್ಣ ತೆಗೆದು ಬೂದು ಮಾಡಿ, ಬ್ಲೆಂಡರಿನ ಎಒ ನೋಡ್‌ನಲ್ಲಿ ದೂರವನ್ನು ಕೆಲವೇ ಮಿಲಿಮೀಟರಿಗೆ ಇಳಿಸಿದರೆ ಕೊರೆದ ಗೆರೆ ಯಾವ ದಿಕ್ಕಿನದಾದರೂ ಒಂದೇ ಸಮ ಕಪ್ಪಾಗುತ್ತದೆ. ಎಣ್ಣೆ, ಕುಂಕುಮ, ಪಾಚಿಯ ಗೊಂದಲವೂ ಇರುವುದಿಲ್ಲ.

ಆದರೆ ಕಲ್ಲಿನ ಚಕ್ಕೆ ಎದ್ದ ಗುಂಡಿಯೂ ಅಷ್ಟೇ ಕಪ್ಪಾಗುತ್ತದೆ. ಉಳಿಯ ಏಟಿಗೂ ಗುಂಡಿಗೂ ಇರುವ ವ್ಯತ್ಯಾಸ ಎಒಗೆ ತಿಳಿಯದು. ಆಗ ಎಡ ಮೇಲ್ಗಡೆಯಿಂದ ಒಂದೇ ಒಂದು ಓರೆ ದೀಪ ಹಾಕಿ ನಿಧಾನವಾಗಿ ತಿರುಗಿಸಬೇಕು. ಕೊರೆದ ಗೆರೆಯ ಅಂಚು ಉದ್ದಕ್ಕೂ ಜೊತೆಯಾಗಿ ಮಿನುಗುತ್ತದೆ, ಚಕ್ಕೆಯ ಅಂಚು ಅಲ್ಲಲ್ಲಿ ಹರಿದು ನಿಲ್ಲುತ್ತದೆ. ಪಕ್ಕದ ವೀರನ ಉಬ್ಬುಶಿಲ್ಪಕ್ಕೆ ಬಂದಾಗ ಮತ್ತೆ ಕಿರಣದ ದೂರ ಹೆಚ್ಚಿಸಿ, ಎಒ ತಗ್ಗಿಸಿ, ದೀಪಕ್ಕೆ ಕೆಲಸ ಕೊಡಬೇಕು.